ಕಂಪ್ಯೂಟರಿನ ಮೆಮೊರಿಗೆ ಹಲ್ಲಿಯ ಸಾಕ್ಷಿ

ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿಯಲ್ಲಿ ಒಂದು ಮುದಿ ಕಂಪ್ಯೂಟರ್ ಇತ್ತು. ವರನ ಹೆಸರು ಮೂಡಿಸುವಷ್ಟರಲ್ಲಿ ಅದಕ್ಕೆ ವಧುವಿನ ಹೆಸರು ಮರೆತುಹೋಗುತ್ತಿತ್ತು.

"ಹೊಸ ಮೆಮೊರಿ ಹಾಕಿಸಿಕೊಳ್ಳದಿದ್ದರೆ ನಿಮಗೆ ಗುಜರಿಯೇ ಗತಿ," ಎಂದಿತು ಪ್ರಿಂಟರ್. "ಈಗ ನಿಮ್ಮೊಳಗಿರುವುದು ಯಾವ ಬಗೆಯದು?"

ಕಂಪ್ಯೂಟರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಮರ್ಯಾದೆ ಅಡ್ಡ ಬಂತು. "ಡಿಡಿಆರ್ ನಾಲ್ಕು," ಎಂದಿತು. "ನಮ್ಮಂಥವರಲ್ಲಿ ಅದಕ್ಕಿಂತ ಕಡಿಮೆಯದು ಇರುತ್ತದೆಯೇ?"

ಅಷ್ಟರಲ್ಲಿ ಗೋಡೆಯ ಮೇಲಿದ್ದ ಹಲ್ಲಿ ಲೊಚಗುಟ್ಟಿತು.

"ಹಲ್ಲಿಯೇ ನುಡಿದ ಮೇಲೆ ಸತ್ಯವಲ್ಲದೆ ಇನ್ನೇನು," ಎಂದ ಪ್ರಿಂಟರ್, ಮುಚ್ಚಳ ತೆಗೆದು ನೋಡುವ ಗೋಜಿಗೇ ಹೋಗದೆ ಆರ್ಡರ್ ಚೀಟಿ ಅಚ್ಚು ಹಾಕಿಬಿಟ್ಟಿತು.

ಮೂರನೇ ದಿನ ಬಂದ ಹೊಸ ಮೆಮೊರಿ ಎಷ್ಟು ಒತ್ತಿದರೂ ಕೂರಲಿಲ್ಲ. "ಇದು ಡಿಡಿಆರ್ ಮೂರು ಕೂರುವ ಜಾಗ. ನನ್ನ ಕಚ್ಚು ಒಂದು ಕಡೆ, ಇಲ್ಲಿನ ಉಬ್ಬು ಇನ್ನೊಂದು ಕಡೆ. ನಾನು ಹೊರಟೆ," ಎಂದು ಅದು ಮತ್ತೆ ಡಬ್ಬಿ ಸೇರಿತು.

ಕಂಪ್ಯೂಟರ್ ಹಲ್ಲಿಯ ಮೇಲೆ ಹರಿಹಾಯ್ದಿತು. "ಅವತ್ತು ನನ್ನ ಮಾತಿಗೆ ಯಾಕೆ ಲೊಚಗುಟ್ಟಿದೆ?"

"ನಾನು ಹೆಂಡತಿಯನ್ನು ಕರೆದೆ," ಎಂದಿತು ಹಲ್ಲಿ. "ಆರು ವರ್ಷದಿಂದ ನಾವು ಸಂಸಾರ ಮಾಡುತ್ತಿರುವುದೇ ನಿಮ್ಮ ಹೊಟ್ಟೆಯೊಳಗೆ. ಹಳೇ ಮೆಮೊರಿಯ ಮೇಲೆ ಡಿಡಿಆರ್ ಮೂರು ಅಂತ ಬರೆದೇ ಇದೆ, ನಮ್ಮ ಮರಿಗಳಿಗೂ ಅದು ಬಾಯಿಪಾಠ. ಕೇಳಿದ್ದರೆ ಹೇಳುತ್ತಿದ್ದೆ."

ಕಂಪ್ಯೂಟರಿನ ಮುಖ ಸಪ್ಪಗಾಯಿತು. "ಇನ್ನು ಮುಂದೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳುತ್ತೇನೆ," ಎಂದಿತು.

ಪ್ರಿಂಟರ್ ಗೋಡೆಯ ಕಡೆ ನೋಡುತ್ತಾ ಕಾದಿತು. ಡಬ್ಬಿಯೊಳಗಿಂದ ಹೊಸ ಮೆಮೊರಿಯೂ ಇಣುಕಿತು.

ಹಲ್ಲಿ ಲೊಚಗುಟ್ಟಲಿಲ್ಲ.