ರೀಡಯಲ್ ಗುಂಡಿಯ ಉತ್ತರ

ತಾಲ್ಲೂಕು ಆಸ್ಪತ್ರೆಯ ಕಚೇರಿ ಮೇಜಿನ ಟೆಲಿಫೋನಿನಲ್ಲಿ ಅಂಕಿಗಳ ಗುಂಡಿಗಳಿಗೆ ಬಹಳ ಜಂಬವಿತ್ತು. ಅವು ರೀಡಯಲ್ ಗುಂಡಿಯನ್ನು ಹಂಗಿಸಿದವು: "ನಿನಗೆ ಸ್ವಂತದ್ದೊಂದು ಅಂಕಿಯೂ ಇಲ್ಲ. ನಾವು ಹೇಳಿದ್ದನ್ನೇ ಮತ್ತೆ ಹೇಳುತ್ತೀಯೆ."

"ಹೌದು, ಉತ್ತರ ಬರುವವರೆಗೂ ಹೇಳುತ್ತೇನೆ," ಎಂದಿತು ರೀಡಯಲ್.

ಅಷ್ಟರಲ್ಲಿ ನರ್ಸ್ ಫಿಲೋಮಿನಾ ಓಡಿಬಂದರು. ಆಗಷ್ಟೇ ಹೆತ್ತ ನೀಲವ್ವನಿಗೆ ರಕ್ತ ಹೋಗುವುದು ನಿಂತಿರಲಿಲ್ಲ. ಅವರು ರಕ್ತನಿಧಿಯ ನಂಬರು ಒತ್ತಿದರು. ಲೈನು ಬಿಜಿಯಾಗಿತ್ತು.

"ನಮ್ಮ ಕೆಲಸ ಮುಗಿಯಿತು," ಎಂದು ಅಂಕಿಗಳು ಸುಮ್ಮನಾದವು.

ಫಿಲೋಮಿನಾ ರೀಡಯಲ್ ಒತ್ತಿದರು, ಮತ್ತೆ ಒತ್ತಿದರು. ಗುಂಡಿ ಒಮ್ಮೆಯೂ ಬೇಸರಿಸಲಿಲ್ಲ. ಹನ್ನೊಂದನೇ ಸಲಕ್ಕೆ ಆ ಕಡೆಯಿಂದ ದನಿ ಬಂತು: "ಹಲೋ, ರಕ್ತನಿಧಿ. ಯಾವ ಗುಂಪು ಬೇಕು?"

ಸಂಜೆ ನೀಲವ್ವ ಕಣ್ಣು ತೆರೆದು ಕೇಳಿದಳು: "ಕೂಸು ಎಲ್ಲೈತ್ರೀ ಸಿಸ್ಟರ್?"