ಕರಡಿಗೆ ಹೆದರಿದವನ ಪೈನ್ ಮರ

ಹಿಮಾಲಯದ ಒಂದು ಬೆಟ್ಟದೂರಿನಲ್ಲಿ ಖೀಮಸಿಂಗ ಎಂಬ ರೈತನಿದ್ದ. ಅವನಿಗೆ ಕರಡಿ ಎಂದರೆ ಎಲ್ಲಿಲ್ಲದ ಭಯ. ಮೆಕ್ಕೆಜೋಳ ಹಾಲುಗಟ್ಟುವ ಹೊತ್ತಿಗೆ ಒಂದು ಕಪ್ಪು ಕರಡಿ ಕಾಡಿನಿಂದ ಇಳಿದು ಬರುತ್ತಿತ್ತು. ಅದಕ್ಕೇ ಅವನು ಕೊಟ್ಟಿಗೆಯನ್ನು ಹೊಲದಿಂದ ದೂರ, ಮನೆ ಪಕ್ಕದ ಭಾರೀ ಪೈನ್ ಮರದ ಕೆಳಗೆ ಕಟ್ಟಿದ್ದ.

ಪೈನ್ ಮರಕ್ಕೆ ಗಾಯವಾದರೆ ಅಂಟು ಒಸರುತ್ತದೆ. ಆ ಅಂಟು ಕುಡಿದ ಚಕ್ಕೆ ಎಣ್ಣೆ ಬತ್ತಿಯ ಹಾಗೆ ಉರಿಯುತ್ತದೆ. ಕರಡಿ ಓಡಿಸುವ ಪಂಜಿಗೆ ಅದೇ ಬೇಕು. ಊರಿನವರು ಕಾಡಿಗೆ ಹೋಗಿ, ಬಿದ್ದ ಮರಗಳಿಂದ ಚಕ್ಕೆ ತರುತ್ತಿದ್ದರು. ಖೀಮಸಿಂಗ ಕಾಡಿಗೆ ಕಾಲಿಡುವ ಆಸಾಮಿಯೇ? ಕೊಟ್ಟಿಗೆಯ ಕಡೆಯಿಂದ, ಆ ನಿಂತ ಮರದ ಬುಡದಿಂದಲೇ ಚಕ್ಕೆ ಎಬ್ಬಿಸಿಕೊಳ್ಳುತ್ತಿದ್ದ.

"ಬುಡದಲ್ಲಿ ಮಗು ಕೂರುವಷ್ಟು ಪೊಟರೆ ಆಗಿದೆ. ಸಾಕು ಮಾಡಿ" ಎಂದಳು ಹೆಂಡತಿ ಹರುಲಿ.

"ನಿನಗೇನು ಗೊತ್ತು? ಕರಡಿಗೆ ಕಾಲಿದೆ, ಯಾವಾಗ ಬೇಕಾದರೂ ಮೈಮೇಲೆ ಬೀಳುತ್ತೆ. ಮರ ನಿಂತಲ್ಲೇ ನಿಂತಿರುತ್ತೆ. ನಂಬಿದರೆ ಮರವನ್ನು ನಂಬಬೇಕು."

ಒಂದು ಸಂಜೆ ಜೋರು ಗಾಳಿ ಎದ್ದಿತು. ಹರುಲಿ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಅಷ್ಟರಲ್ಲಿ ಜೋಳದ ನಡುವೆ ಕರಡಿ ಕಾಣಿಸಿತು.

"ಕರಡಿ! ಕರಡಿ!" ಎಂದು ಅರಚುತ್ತಾ ಖೀಮಸಿಂಗ ಮರದತ್ತ ಓಡಿದ. ಪಂಜಿಗೆಂದು ಕೊಡಲಿಯಿಂದ ಬುಡಕ್ಕೆ ಏಟಿನ ಮೇಲೆ ಏಟು ಹಾಕಿದ. ಅವನ ಕೂಗು ಕೇಳಿ ಹರುಲಿ ಪಾತ್ರೆ ಬಿಟ್ಟು ಹೊರಗೋಡಿ ಬಂದಳು.

ಮರ ಲಟಲಟನೆ ಸದ್ದು ಮಾಡಿತು. ನೋಡನೋಡುತ್ತಿದ್ದಂತೆ ಕೊಟ್ಟಿಗೆಯ ಮೇಲೆ ಉರುಳಿಬಿತ್ತು. ಆ ಸದ್ದಿಗೆ ಕರಡಿ ಬಾಯಲ್ಲಿದ್ದ ತೆನೆಯನ್ನೂ ಬಿಟ್ಟು ಕಾಡಿಗೆ ಓಟ ಕಿತ್ತಿತು. ಕಟ್ಟಿದ್ದ ಹಸು ಮಾತ್ರ ಹೊರಗೆ ಬರಲೇ ಇಲ್ಲ.

ಒಂದು ಕ್ಷಣ ತಡವಾಗಿದ್ದರೆ ಹರುಲಿಯೂ ಮರದ ಅಡಿಯಲ್ಲೇ ಇರುತ್ತಿದ್ದಳು!

"ಇಷ್ಟು ನಂಬಿದ್ದೆ... ಈ ಮರ ಮೋಸ ಮಾಡಿಬಿಟ್ಟಿತಲ್ಲೇ!" ಎಂದು ಖೀಮಸಿಂಗ ಗೋಳಾಡಿದ.

ಹರುಲಿ ಅಳುತ್ತಲೇ ಹೇಳಿದಳು: "ಕರಡಿ ತಿಂದದ್ದು ನಾಲ್ಕು ತೆನೆ. ಮರ ಇಷ್ಟು ವರ್ಷ ನೆರಳು ಕೊಟ್ಟಿತು. ಮೋಸ ಮಾಡಿದ್ದು ಯಾರು ಅಂತ ನಿಮ್ಮ ಕೈಯಲ್ಲಿರೋ ಕೊಡಲಿ ನೋಡಿಕೊಂಡು ಹೇಳಿ."

ಖೀಮಸಿಂಗ ಕೊಡಲಿಯನ್ನು ನೋಡಿದ.

ನೀತಿ: ಹೊರಗಿನ ವೈರಿಯ ಮೇಲೆಯೇ ಕಣ್ಣಿಟ್ಟವನಿಗೆ, ತನ್ನ ಆಸರೆಗೆ ತಾನೇ ಕೊಡುತ್ತಿರುವ ಪೆಟ್ಟು ಕಾಣುವುದಿಲ್ಲ. ಸುಮ್ಮನೆ ನಿಂತು ನಮ್ಮನ್ನು ಕಾಯುವವರಿಗೂ ನೋವಾಗುತ್ತದೆ. ಅವರು ಕುಸಿಯುವ ಮೊದಲೇ ನಮ್ಮ ಕೈಯನ್ನು ನಾವೇ ತಡೆಯಬೇಕು.