ನಾಯಿ ತಲೆ ಓರೆ ಮಾಡಿ ಕೇಳಿದ್ದು

ಬೆಟ್ಟಗಳು ಎಲ್ಲಿ ಕೂರಬೇಕೆಂದು ಇನ್ನೂ ಜಾಗ ಹುಡುಕುತ್ತಿದ್ದ ಕಾಲ ಅದು. ಲೋಕ ಹೊಚ್ಚ ಹೊಸದು. ಹೊಳೆಗೆ ತಾನು ಮೂಡಲಿಗೆ ಹರಿಯಬೇಕೋ ಪಡುವಲಿಗೆ ಹರಿಯಬೇಕೋ ಗೊತ್ತಿರಲಿಲ್ಲ. ದಿನಕ್ಕೊಂದು ಸಲ ಗಾಳಿಯನ್ನು ಕೇಳುತ್ತಿತ್ತು. ಗಾಳಿಗೂ ಗೊತ್ತಿರಲಿಲ್ಲ.

ಆಗ ಹಕ್ಕಿ, ಪ್ರಾಣಿ, ಹೊಳೆ, ಗಾಳಿ ಎಲ್ಲರದೂ ಒಂದೇ ಭಾಷೆ. ಇರುವೆ ಮಾತಾಡಿದರೆ ಆನೆಗೆ ಅರ್ಥವಾಗುತ್ತಿತ್ತು. ಮನುಷ್ಯ ಮಾತ್ರ ಎಲ್ಲರಿಗಿಂತ ಕೊನೆಗೆ ಬಂದವನು. ಬರುವಾಗ ತನ್ನದೇ ಬೇರೆ ಭಾಷೆ ತಂದಿದ್ದ. ಅದು ಯಾರಿಗೂ ಪೂರ್ತಿ ತಿಳಿಯುತ್ತಿರಲಿಲ್ಲ. ಉಳಿದವರ ಭಾಷೆ ಅವನಿಗಂತೂ ತಿಳಿಯುತ್ತಲೇ ಇರಲಿಲ್ಲ.

ಬಂಡೆಗಳ ನಡುವೆ ಬೋರ ಎಂಬ ಮೇಕೆ ಕಾಯುವವನಿದ್ದ. ಅವನ ಹೆಂಡತಿ ದುಗ್ಗವ್ವ. ಐದು ವರ್ಷದ ಮಗಳು ನಿಂಗಿ. ಮೂವತ್ತು ಮೇಕೆ, ಮೇಕೆಗಳಿಗೊಂದು ಮುಳ್ಳುಬೇಲಿಯ ರೊಪ್ಪ, ಇಷ್ಟೇ ಅವರ ಬದುಕು.

ಒಂದು ಬೆಳಿಗ್ಗೆ ಬೋರನಿಗೆ ಬಂಡೆಯ ಸಂದಿಯಲ್ಲಿ ಒಂದು ನಾಯಿ ಕಾಣಿಸಿತು. ಕೆಂಪು ಮೈ. ಮುಂಗಾಲಿನಲ್ಲಿ ಜಾಲಿ ಮುಳ್ಳು. ಬೋರ ಮೆಲ್ಲಗೆ ಕೂತ. ಮೆಲ್ಲಗೆ ಮುಳ್ಳು ಕಿತ್ತ. ನಾಯಿ ಅವನ ಕೈ ನೆಕ್ಕಿತು.

“ನಮ್ಮ ಜೊತೆಗೇ ಇದ್ದುಬಿಡೋ,” ಎಂದ ಬೋರ. “ನಾವು ತಿಂದಿದ್ದು ನೀನೂ ತಿನ್ನು. ನಮ್ಮ ಮೇಕೆ ಕಾಯಿ.”

ನಾಯಿಗೆ ಅಷ್ಟೂ ಮಾತು ತಿಳಿಯಲಿಲ್ಲ. ಆದರೆ ದನಿ ಹಿತವಾಗಿತ್ತು. ಅದು ಅವನ ಹಿಂದೆ ನಡೆದು ಬಂತು. ನಿಂಗಿ ಅದಕ್ಕೆ ಕೆಂದ ಎಂದು ಹೆಸರಿಟ್ಟಳು. ದುಗ್ಗವ್ವ ಮಣ್ಣಿನ ಬೋಗುಣಿಯಲ್ಲಿ ನವಣೆ ಗಂಜಿ ಹಾಕಿದಳು.

ಮೂರನೆಯ ದಿನ ಬೆಟ್ಟದ ತೋಳ ರೊಪ್ಪದ ಹತ್ತಿರ ಬಂತು. ಕೆಂದ ಬೊಗಳಿತು. ತೋಳ ಓಡಿಹೋಯಿತು.

“ಭಲೇ ಕೆಂದ! ಬೊಗಳಬೇಕು, ಹಿಂಗೇ ಬೊಗಳಬೇಕು!” ಎಂದು ಬೋರ ಬೆನ್ನು ತಟ್ಟಿದ.

ಸರಿ, ಬೊಗಳಿದರೆ ಇವರಿಗೆ ಇಷ್ಟ ಎಂದುಕೊಂಡಿತು ಕೆಂದ.

ಮರುದಿನ ದುಗ್ಗವ್ವನ ಅಣ್ಣ ಬಂದ. ಕೆಂದ ಚೆನ್ನಾಗಿ ಬೊಗಳಿತು. ಬೋರ ಕಲ್ಲು ಎತ್ತಿಕೊಂಡು, “ಥೂ! ಬಾಯಿ ಮುಚ್ಚು! ನಮ್ಮೋರಿಗೇ ಬೊಗಳ್ತೀಯಾ?” ಎಂದ. ಕಲ್ಲು ಪಕ್ಕೆಗೆ ತಾಗಿತು.

ಸರಿ, ಬೊಗಳಿದರೆ ಇವರಿಗೆ ಇಷ್ಟವಿಲ್ಲ ಎಂದುಕೊಂಡಿತು ಕೆಂದ.

ಅದರ ಮರುದಿನ ನರಿ ಬಂತು. ಕೆಂದ ಬಾಯಿ ಬಿಗಿಹಿಡಿದು ಕೂತಿತು. ಬೊಗಳಿಕೆ ಗಂಟಲವರೆಗೆ ಬಂದರೂ ನುಂಗಿಕೊಂಡಿತು. ನರಿ ಒಂದು ಮರಿಯನ್ನು ಕಚ್ಚಿಕೊಂಡು ಹೋಯಿತು.

“ಯಾಕೋ ಬೊಗಳಲಿಲ್ಲ? ತಿಂದ ಗಂಜಿ ಎಲ್ಲಿಗೆ ಹೋಯ್ತೋ?” ಎಂದು ಬೋರ ಕೋಲು ತೆಗೆದುಕೊಂಡು ಹೊಡೆದ.

ಕೆಂದನಿಗೆ ತಲೆ ಕೆಟ್ಟುಹೋಯಿತು. ಬೊಗಳಬೇಕೋ? ಬೊಗಳಬಾರದೋ? ಹೊಳೆಯ ದಡಕ್ಕೆ ಹೋಗಿ ಕೂತಿತು.

“ಹೊಳೆಯಕ್ಕಾ,” ಎಂದಿತು, “ಮನುಷ್ಯರು ಒಂದು ಸಲ ಹೌದು ಅಂತಾರೆ, ಇನ್ನೊಂದು ಸಲ ಅದಕ್ಕೇ ಅಲ್ಲ ಅಂತಾರೆ. ಅವರಿಗೆ ಏನು ಬೇಕು?”

“ಅಯ್ಯೋ, ನನ್ನನ್ನು ಕೇಳ್ತೀಯಲ್ಲೋ ತಮ್ಮಾ,” ಎಂದಿತು ಹೊಳೆ. “ಬೇಸಿಗೆಯಲ್ಲಿ ಬಾ ಬಾ ಅಂತ ಕೈ ಮುಗೀತಾರೆ. ಮಳೆಗಾಲದಲ್ಲಿ ಬಂದರೆ ಹೋಗು ಹೋಗು ಅಂತ ಎದೆ ಬಡ್ಕೋತಾರೆ. ನಾನು ಅದೇ ನೀರು. ನನಗಂತೂ ಇವತ್ತಿಗೂ ಅರ್ಥವಾಗಿಲ್ಲ. ಗಾಳಿಯಣ್ಣನನ್ನು ಕೇಳು.”

ಗಾಳಿ ಹುಣಸೆ ಮರದಲ್ಲಿ ಕೂತಿತ್ತು. “ನನ್ನ ಪಾಡೂ ಅದೇ,” ಎಂದಿತು. “ಕಾಳು ತೂರುವಾಗ ಬೀಸಪ್ಪಾ ಅಂತಾರೆ. ಬೀಸಿದರೆ ದೀಪ ಆರಿಸಿದ ಅಂತ ಬೈತಾರೆ. ನಾನು ಮಾತು ಕೇಳೋದನ್ನೇ ಬಿಟ್ಟಿದ್ದೀನಿ. ನೀನೂ ಬಿಡು.”

“ನಾನು ಹೇಗೆ ಬಿಡಲಿ? ಅವರ ಮನೆಯಲ್ಲೇ ಇರ್ತೀನಲ್ಲ?”

ಕೊಂಬೆಯ ಮೇಲಿದ್ದ ಕಾಗೆ ಕೆಳಗೆ ಬಗ್ಗಿ ನೋಡಿತು. “ಮಾತು ಕೇಳಬೇಡ, ಕೈ ನೋಡು,” ಎಂದಿತು. “ಕೈ ಮೇಲೆ ಹೋದರೆ ಓಡಿಬಿಡು. ನಾನು ಬದುಕಿರೋದೇ ಹಾಗೆ.”

ಕೆಂದ ಕೈ ನೋಡಲು ಶುರುಮಾಡಿತು. ಬೋರ ಬೆವರು ಒರೆಸಿಕೊಳ್ಳಲು ಕೈ ಎತ್ತಿದರೆ ಓಡಿತು. ದುಗ್ಗವ್ವ ಮುಡಿ ಕಟ್ಟಲು ಕೈ ಎತ್ತಿದರೆ ಓಡಿತು. ಗಂಜಿ ಹಾಕಲು ಬಂದ ಕೈಗೂ ಗುರ್ ಎಂದಿತು. ಹಾಗೆ ಮಾಡಿದ್ದಕ್ಕೆ ತನಗೇ ನಾಚಿಕೆಯಾಗಿ ಕಲ್ಲಿನ ಹಿಂದೆ ಅಡಗಿಕೊಂಡಿತು.

“ಇದಕ್ಕೆ ಏನೋ ಆಗಿದೆ,” ಎಂದ ಬೋರ. ಅವನಿಗೂ ಏನೂ ತೋಚಲಿಲ್ಲ. “ಕಟ್ಟಿ ಹಾಕೋಣ. ಆಮೇಲೆ ನೋಡಿದರಾಯ್ತು.”

ಪುಂಡಿನಾರಿನ ಹಗ್ಗ ಹೊಸೆದು ಕೆಂದನ ಕೊರಳಿಗೆ ಬಿಗಿದ. ಇನ್ನೊಂದು ತುದಿಯನ್ನು ಬೇವಿನ ಮರಕ್ಕೆ ಕಟ್ಟಿದ. ಲೋಕದಲ್ಲಿ ಅದೇ ಮೊದಲು ನಾಯಿಯನ್ನು ಕಟ್ಟಿದ್ದು.

ಆಮೇಲೆ ನೋಡೋಣ ಎಂದವನು ಮರೆತ. ಬೋರ ನೋಡುತ್ತಾನೆಂದು ದುಗ್ಗವ್ವ, ದುಗ್ಗವ್ವ ನೋಡುತ್ತಾಳೆಂದು ಬೋರ.

ಬೆಳಿಗ್ಗೆ ಬೇವಿನ ನೆರಳು ಕೆಂದನ ಮೇಲೆ ಇರುತ್ತಿತ್ತು. ಹೊತ್ತು ಏರಿದ ಹಾಗೆ ನೆರಳು ಆಚೆ ಸರಿಯುತ್ತಿತ್ತು. ಹಗ್ಗ ಅಲ್ಲಿಯವರೆಗೆ ಬರುತ್ತಿರಲಿಲ್ಲ. ನೀರಿನ ಬೋಗುಣಿ ಒಂದು ದಿನ ಮಗುಚಿಕೊಂಡಿತು. ಯಾರೂ ಎತ್ತಿಡಲಿಲ್ಲ. ಕೆಂದ ಎಳೆದೆಳೆದು ಕೊರಳು ಕೊಯ್ದುಕೊಂಡಿತು. ಹಗ್ಗದ ಕೆಳಗೆ ಹುಣ್ಣಾಯಿತು. ಹುಣ್ಣಿಗೆ ನೊಣ ಕೂತವು.

“ನಾನೇನು ಮಾಡಿದೆ?” ಎಂದು ಕೆಂದ ನೊಣಗಳನ್ನು ಕೇಳಿತು. ಅವುಗಳಿಗೂ ಗೊತ್ತಿರಲಿಲ್ಲ.

ಕಟ್ಟಿಹಾಕಿದ ನಾಲ್ಕನೆಯ ದಿನ ಮಧ್ಯಾಹ್ನ ಕೆಂದ ಕಣ್ಣು ಮುಚ್ಚಿ ಮಲಗಿತ್ತು. ನಿಂಗಿ ಹಿಂದಿನಿಂದ ಬಂದಳು. ಪಾಪ, ಅವಳಿಗೆ ಕೆಂದನ ಮೇಲೆ ಬಹಳ ಪ್ರೀತಿ. ಕರೆಯದೆ, ಸದ್ದು ಮಾಡದೆ ಬಂದು, ಎರಡೂ ಕೈಯಿಂದ ಕೊರಳು ತಬ್ಬಿಕೊಂಡುಬಿಟ್ಟಳು. ಸರಿಯಾಗಿ ಹುಣ್ಣಿನ ಮೇಲೆ.

ಕೆಂದ ಕಣ್ಣು ಬಿಡುವ ಮೊದಲೇ ಅದರ ಹಲ್ಲು ನಿಂಗಿಯ ಮುಂಗೈಗೆ ಇಳಿದಿತ್ತು.

“ಅವ್ವಾ!”

ದುಗ್ಗವ್ವ ಬಿದ್ದಂಬೀಳ ಓಡಿ ಬಂದಳು. ಮಗಳನ್ನು ಎತ್ತಿಕೊಂಡು ನೇರ ಹೊಳೆಗೆ ಹೋದಳು. ಹರಿಯುವ ನೀರಿಗೆ ಗಾಯ ಹಿಡಿದಳು. ಹಿಡಿದೇ ಇದ್ದಳು.

“ಇನ್ನೂ ಹಿಡಿಯಮ್ಮಾ, ತೆಗೀಬೇಡ,” ಎನ್ನುತ್ತಾ ಹೊಳೆ ರಕ್ತವನ್ನೂ ಜೊಲ್ಲನ್ನೂ ತೊಳೆದು ತೊಳೆದು ಒಯ್ದಿತು. ದುಗ್ಗವ್ವನಿಗೆ ಆ ಮಾತು ತಿಳಿಯಲಿಲ್ಲ. ಆದರೂ ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಗ ಆಸ್ಪತ್ರೆ ಇರಲಿಲ್ಲ ಮಕ್ಕಳೇ. ಈಗಾದರೆ ಸೋಪು ಹಾಕಿ ತೊಳೆದು, ಅದೇ ದಿನ ಹೋಗಿ ಸೂಜಿ ಹಾಕಿಸಿಕೊಳ್ಳಲೇಬೇಕು. ಚಿಕ್ಕ ಗೀರಾದರೂ ಸರಿ. ಮನೆಯಲ್ಲಿ ಬೈತಾರೆ ಅಂತ ಮುಚ್ಚಿಡಬಾರದು.

ಅವರು ಹಿಂದಿರುಗುವ ಹೊತ್ತಿಗೆ ಅಕ್ಕಪಕ್ಕದ ಬಂಡೆಗಳ ಜನ ಬೇವಿನ ಸುತ್ತ ಸೇರಿದ್ದರು. ಬೋರನ ಕೈಯಲ್ಲಿ ಕೋಲು ಇತ್ತು. ದಪ್ಪನೆಯ ಕೋಲು.

“ಕಚ್ಚಿದ ನಾಯಿಯನ್ನ ಇಟ್ಟುಕೋಬಾರದು,” ಎಂದ ಒಬ್ಬ ಮುದುಕ. “ಇವತ್ತು ಕೈ, ನಾಳೆ ಕತ್ತು. ಹೊಡಿ, ಮುಗಿಸು.”

ಬೋರ ಕೋಲು ಎತ್ತಿದ.

ಕೈ ಮೇಲೆ ಹೋಗಿದ್ದನ್ನು ಕೆಂದ ಕಂಡಿತು. ಓಡಲು ಹಗ್ಗ ಬಿಡಲಿಲ್ಲ. ನೆಲಕ್ಕೆ ಅಂಟಿಕೊಂಡು ನಡುಗಿತು.

“ತಡಿ,” ಎಂದಳು ದುಗ್ಗವ್ವ. “ನನಗೂ ಸಿಟ್ಟಿದೆ. ಹೆತ್ತ ಕರುಳು ನಂದು. ಆದರೂ ಅದರ ಕೊರಳು ನೋಡು.”

ಬೋರ ಬಗ್ಗಿ ನೋಡಿದ. ಹಗ್ಗ ಚರ್ಮದೊಳಗೆ ಇಳಿದಿತ್ತು. ಹುಣ್ಣಿನಲ್ಲಿ ಹುಳು ಮಿಜಿಗುಡುತ್ತಿದ್ದವು. ಆಚೆಗೆ ಮಗುಚಿದ ಬೋಗುಣಿ. ಒಳಗೆ ಜೇಡ ಬಲೆ ಕಟ್ಟಿತ್ತು.

“ನೀನು ನೀರು ಹಾಕ್ತಿದ್ದೀಯ ಅಂದ್ಕೊಂಡಿದ್ದೆ,” ಎಂದ ಬೋರ.

“ನೀನು ಹಾಕ್ತಿದ್ದೀಯ ಅಂತ ನಾನು,” ಎಂದಳು ದುಗ್ಗವ್ವ.

ನಿಂಗಿ ಬಿಕ್ಕುತ್ತಾ, “ಅಪ್ಪಾ, ನಾನೇ ಅದರ ಗಾಯ ಮುಟ್ಟಿದೆ. ಅದು ನಿದ್ದೆ ಮಾಡ್ತಿತ್ತು,” ಎಂದಳು.

“ಮಗು ಮಾತು ಕಟ್ಟಿಕೊಂಡು...” ಎಂದು ಮುದುಕ ಶುರುಮಾಡಿದ. “ಸುಮ್ನಿರಜ್ಜ,” ಎಂದಳು ದುಗ್ಗವ್ವ. “ಮಗು ಗಾಯ ಮಗುವಿಗೆ ತಾನೇ ಗೊತ್ತು?” ಮುದುಕನಿಗೆ ಇದು ಸರಿಯೋ ತಪ್ಪೋ ತಿಳಿಯಲಿಲ್ಲ. ತಲೆ ಕೆರೆದುಕೊಂಡು ಕೂತ.

ಬೋರ ಕೋಲು ಹಿಡಿದುಕೊಂಡೇ ಕುಕ್ಕರಗಾಲಲ್ಲಿ ಕೂತ. ಹೊಡೆಯಬೇಕೋ ಬಿಡಬೇಕೋ ಅವನಿಗೆ ಗೊತ್ತಾಗಲಿಲ್ಲ. ಮಗಳ ಕೈ ನೋಡಿದರೆ ಎದೆ ಉರಿಯುತ್ತಿತ್ತು. ನಾಯಿಯ ಕೊರಳು ನೋಡಿದರೆ ತಲೆ ತಗ್ಗುತ್ತಿತ್ತು.

“ಕೆಂದಾ,” ಎಂದ. “ಏನೋ ಮಾಡ್ಲಿ ನಿನ್ನ? ಬೊಗಳು ಅಂದವನು ನಾನೇ. ಬೊಗಳಬೇಡ ಅಂದವನೂ ನಾನೇ. ಕಟ್ಟಿ ಹಾಕಿ ಮರೆತವನೂ ನಾನೇ. ನಾನು ಏನು ಹೇಳ್ತಿದ್ದೀನಿ ಅಂತ ನಿನಗೆ ಗೊತ್ತಾಗ್ತದೇನೋ?”

ಕೆಂದ ಕೇಳಿತು. ಕೈಯಲ್ಲಿ ಕೋಲಿದೆ, ಆದರೆ ದನಿ ಮೊದಲ ದಿನದ ಹಾಗಿದೆ. ಕೋಲು ಹೋಗು ಅನ್ನುತ್ತಿದೆ, ದನಿ ಬಾ ಅನ್ನುತ್ತಿದೆ. ಯಾವುದನ್ನು ನಂಬುವುದು? ಒಂದು ಕಿವಿ ಸಾಲದೇನೋ ಎಂದು ಬಲಗಿವಿಯನ್ನು ಮೇಲೆತ್ತಿತು. ಕಿವಿಯ ಜೊತೆ ತಲೆಯೂ ಒಂದು ಪಕ್ಕಕ್ಕೆ ವಾಲಿತು. ಅಲ್ಲಿಯವರೆಗೆ ಯಾವ ನಾಯಿಯೂ ಹಾಗೆ ಮಾಡಿರಲಿಲ್ಲ.

“ಗೊತ್ತಾಗ್ತದಾ?” ಎಂದ ಬೋರ ಮತ್ತೆ.

ಕೆಂದನಿಗೆ ಆಗಲೂ ತಿಳಿಯಲಿಲ್ಲ. ಎಡಗಿವಿಯಲ್ಲಿ ಕೇಳಿದರೆ ತಿಳಿದೀತೇನೋ ಎಂದು ತಲೆಯನ್ನು ಈಚೆ ವಾಲಿಸಿತು. ಕಣ್ಣು ಮಾತ್ರ ಬೋರನ ಮುಖವನ್ನು ಬಿಡಲಿಲ್ಲ.

ಸುತ್ತ ನಿಂತವರೆಲ್ಲ ಅದನ್ನು ಕಂಡರು. ಗಾಳಿ ಕೂಡ ಬೀಸುವುದನ್ನು ನಿಲ್ಲಿಸಿತು. ಅಷ್ಟು ಕಷ್ಟಪಟ್ಟು ತನ್ನ ಮಾತು ಕೇಳುತ್ತಿರುವ ಜೀವವನ್ನು ಬೋರ ಹಿಂದೆ ಎಲ್ಲೂ ಕಂಡಿರಲಿಲ್ಲ. ಹಾಗೆ ಕೇಳುವವರಿಗೆ ಹೊಡೆಯುವುದು ಹೇಗೆ? ಕೋಲು ತಾನಾಗಿ ಕೈಯಿಂದ ಜಾರಿತು.

ಬೋರ ಮೊದಲು ನೀರು ತಂದಿಟ್ಟ. ಕೆಂದ ಕುಡಿದು ಮುಗಿಸುವವರೆಗೆ ಮುಟ್ಟಲಿಲ್ಲ. ಆಮೇಲೆ ಹಗ್ಗ ಕೊಯ್ದ. ಹುಣ್ಣು ತೊಳೆದು ಹುಳು ತೆಗೆದ. ಕೆಂದ ನೋವಿಗೆ ಗುರುಗುಟ್ಟಿತು. ಗುರುಗುಟ್ಟಿದಾಗೆಲ್ಲ ಬೋರ ಕೈ ಹಿಂದೆ ತೆಗೆದು ಕಾದ.

ಹತ್ತು ದಿನಕ್ಕೂ ಹೆಚ್ಚು ಕೆಂದನನ್ನು ನೆರಳಿನಲ್ಲಿ ಬೇರೆಯಾಗಿ ಬೇಲಿಯೊಳಗೆ ಇಟ್ಟು, ಊಟ ನೀರು ಕೊಟ್ಟು, ಹುಚ್ಚು ಹಿಡಿಯುತ್ತದೇನೋ ಎಂದು ಕಣ್ಣಿಟ್ಟು ಕಾದರು. ಕೆಂದನಿಗೆ ಏನೂ ಆಗಲಿಲ್ಲ. ನಿಂಗಿಯ ಕೈ ವಾಸಿಯಾಯಿತು. ನಾಲ್ಕು ಚುಕ್ಕೆ ಗುರುತು ಉಳಿಯಿತು.

ಅವತ್ತಿನಿಂದ ದುಗ್ಗವ್ವ ಮನೆಯಲ್ಲಿ ಕಟ್ಟುನಿಟ್ಟು ಮಾಡಿದಳು. ನೀರು ಹಾಕುವುದು ಬೆಳಿಗ್ಗೆ ತಾನು, ಸಂಜೆ ಬೋರ. ಮಲಗಿದ ನಾಯಿಯನ್ನು, ತಿನ್ನುತ್ತಿರುವ ನಾಯಿಯನ್ನು ನಿಂಗಿ ಮುಟ್ಟುವಂತಿಲ್ಲ. ಎದುರಿನಿಂದ ಹೆಸರು ಕರೆದು ನಿಲ್ಲಬೇಕು. ಅದಾಗಿ ಬಂದರೆ ಸರಿ, ಬಾರದಿದ್ದರೆ ಇನ್ನೊಂದು ದಿನ.

ಬೋರನೂ ಒಂದಕ್ಕೆ ಒಂದೇ ಮಾತು ಹೇಳಬೇಕೆಂದು ಮನಸ್ಸು ಮಾಡಿದ. ಕೆಲವು ದಿನ ನಡೆಸಿದ. ಕೆಲವು ದಿನ ಮರೆತು ಹೌದು, ಅಲ್ಲ ಎರಡನ್ನೂ ಒಟ್ಟಿಗೇ ಹೇಳಿಬಿಡುತ್ತಿದ್ದ. ಆಗೆಲ್ಲ ಕೆಂದ ಓಡುತ್ತಿರಲಿಲ್ಲ, ಗುರ್ ಎನ್ನುತ್ತಿರಲಿಲ್ಲ. ಕೂತು, ತಲೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ವಾಲಿಸುತ್ತಿತ್ತು. ಬೋರ ನಾಚಿಕೊಂಡು ಇನ್ನೊಂದು ಸಲ ಸರಿಯಾಗಿ ಹೇಳುತ್ತಿದ್ದ.

ಕೆಂದನ ಮರಿಗಳು ಅದನ್ನು ನೋಡಿ ಕಲಿತವು. ಆ ಮರಿಗಳ ಮರಿಗಳೂ ಕಲಿತವು. ಹೊಳೆ ಕೊನೆಗೂ ಮೂಡಲಿಗೆ ಹರಿಯಿತು, ಬೆಟ್ಟಗಳು ಕೂತವು. ಮನುಷ್ಯರ ಮಾತು ಮಾತ್ರ ನಾಯಿಗಳಿಗೆ ಇನ್ನೂ ಪೂರ್ತಿ ತಿಳಿದಿಲ್ಲ. ಅದಕ್ಕೇ ನೀನು ಇವತ್ತು ಬೀದಿಯ ನಾಯಿಗೋ ಮನೆಯ ನಾಯಿಗೋ ಏನಾದರೂ ಹೇಳಿದರೆ, ಅದು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಕಿವಿ ನಿಮಿರಿಸಿ, ನಿನ್ನ ಮುಖವನ್ನೇ ನೋಡುತ್ತಾ ಕೂರುತ್ತದೆ.